ಕೋಲಾರದ ಬಿಸಿಲಿನಲ್ಲಿ ಚರ್ಮದ ಯೋಗಕ್ಷೇಮ

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿಯೂ, ಮಾಲೂರಿನ ಇಟ್ಟಿಗೆಗೂಡುಗಳ ಸುತ್ತಲೂ, ಕೋಲಾರ ಮುಳಬಾಗಿಲುಗಳ ಟೊಮೇಟೊ ಹೊಲಗಳಲ್ಲಿಯೂ ಹೊತ್ತು ಮೂಡಿದಾಗಿನಿಂದ ಇಳಿಹೊತ್ತಿನವರೆಗೆ ಕೂಲಿ ಮಾಡುವ ಹೆಂಗಸರನ್ನು ಕಂಡವರಿಗೆ ಅವರ ಉಡುಪು ನೆನಪಿರಬೇಕು: ಸೀರೆಯ ಮೇಲೆ ಮನೆಯ ಗಂಡಸರ ಹಳೆಯ ತುಂಬುತೋಳಿನ ಅಂಗಿ, ನೆತ್ತಿಯಿಂದ ಕೆನ್ನೆಯವರೆಗೆ ಸುತ್ತಿ ಬಿಗಿದ ಟವಲು. ಸೌಂದರ್ಯಸಾಧನಗಳ ಸಾಲಿನಲ್ಲಿ ಈ ಅಂಗಿಗೆ ಯಾರೂ ಸ್ಥಾನವನ್ನು ಕೊಟ್ಟಿಲ್ಲ; ಆದರೆ ಈ ಸೀಮೆಯ ಗಾಳಿ ನೀರು ಬಿಸಿಲುಗಳ ನಡುವೆ ಮನುಷ್ಯನ ಚರ್ಮಕ್ಕೆ ನಿತ್ಯವೂ ಬೇಕಾದುದು ಏನು, ಅದು ಎಷ್ಟು ಸ್ವಲ್ಪ ಹಣಕ್ಕೆ ದೊರೆಯುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ಅಂಗಡಿಯ ಗಾಜಿನ ಬೀರುವಿನಲ್ಲಿ ಹೊಳೆಯುವ ಸೀಸೆ ಟ್ಯೂಬುಗಳೆಲ್ಲಕ್ಕಿಂತ ಮೊದಲು ಹೆಸರಿಸಬೇಕಾದುದು ಆ ಹಳೆಯ ಅಂಗಿಯನ್ನೇ.

ಕೋಲಾರದ ಪ್ರಸ್ಥಭೂಮಿಯು ಸಮುದ್ರಮಟ್ಟದಿಂದ ಸುಮಾರು 800 ಮೀಟರು, ಕೆಲವೆಡೆ ಅದಕ್ಕೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ತಂಪು. ಆ ತಂಪೇ ನಮ್ಮನ್ನು ಮೋಸಗೊಳಿಸುತ್ತದೆ. ಮೈಗೆ ಸೆಕೆಯನ್ನು ತಿಳಿಸುವ ಕಿರಣವೇ ಬೇರೆ, ಚರ್ಮವನ್ನು ಕಪ್ಪಾಗಿಸಿ ಕಾಲಕ್ಕೆ ಮುನ್ನವೇ ಸುಕ್ಕುಗಟ್ಟಿಸುವ ಅತಿನೇರಳೆ ಕಿರಣವೇ ಬೇರೆ. ಭೂಮಿಯಿಂದ ಮೇಲೇರಿದಷ್ಟೂ ಈ ಎರಡನೆಯದು ತೀಕ್ಷ್ಣವಾಗುತ್ತದೆಯಲ್ಲದೆ, ಮಾರ್ಚ್ ತಿಂಗಳಿನಿಂದ ಮೇ ಕಳೆಯುವವರೆಗೆ ನಡುಹಗಲಿನ ಸೂರ್ಯನು ಹೆಚ್ಚುಕಡಮೆ ನಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ. ಬೆವರು ಬಾರದ ದಿನವೂ ಚರ್ಮವು ಬೇಯುತ್ತಲೇ ಇರುತ್ತದೆ. ಇನ್ನು ನೀರಿನ ವಿಚಾರ: ನಿತ್ಯ ಹರಿಯುವ ನದಿಯೊಂದೂ ಇಲ್ಲದ, ಪೂರ್ವಿಕರು ಕಟ್ಟಿದ ಕೆರೆಗಳನ್ನೇ ನಂಬಿ ಬದುಕಿದ ಈ ಜಿಲ್ಲೆಯಲ್ಲಿ, ಕೆರೆಗಳು ಬತ್ತಿದಂತೆಲ್ಲ ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ಮೀರಿ ಇಳಿದುವು, ಬಂಡೆಗಳ ಸಂದಿಯಿಂದ ಬರುವ ಆ ನೀರು ಕ್ಯಾಲ್ಸಿಯಂ ಮೆಗ್ನೀಸಿಯಂ ಲವಣಗಳಿಂದ ಗಡಸಾಗಿರುವುದು ಸಹಜ. ಇಲ್ಲಿಯ ನೀರಿನಲ್ಲಿರುವ ಫ್ಲೋರೈಡನ್ನು ಕುರಿತು ಕೇಳಿ, ಅದರಿಂದಲೇ ಮೈಚರ್ಮ ಒರಟಾಯಿತೆಂದು ಅಂಜುವವರು ಉಂಟು. ಫ್ಲೋರೈಡು ಕುಡಿದಾಗ ಹಲ್ಲು ಮೂಳೆಗಳನ್ನು ಕೆಡಿಸುವ ವಸ್ತು, ಸ್ನಾನದಲ್ಲಿ ಚರ್ಮವನ್ನು ಕಾಡುವುದು ನೀರಿನ ಗಡಸುತನ.

ಚರ್ಮದ ಹೊರಪದರವೆಂಬುದು ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನಿಟ್ಟು ಗಾರೆ ಮೆತ್ತಿದ ಗೋಡೆಯಂತೆ. ಸತ್ತ ಜೀವಕೋಶಗಳು ಅಲ್ಲಿಯ ಇಟ್ಟಿಗೆಗಳು. ಅವುಗಳ ನಡುವಣ ಜಿಡ್ಡು ಪದಾರ್ಥವೇ ಗಾರೆ. ಒಳಗಿನ ತೇವವು ಹೊರಗೆ ಹೋಗದಂತೆಯೂ ಹೊರಗಿನ ಕೊಳೆ ಕ್ರಿಮಿಗಳು ಒಳಗೆ ಬಾರದಂತೆಯೂ ತಡೆದು ನಿಲ್ಲಿಸುವುದು ಈ ಗಾರೆಯ ಕೆಲಸ. ಆರೋಗ್ಯವಾದ ಚರ್ಮವು ಕಿಂಚಿತ್ ಆಮ್ಲಗುಣವುಳ್ಳದ್ದು, ಸಾಬೂನಾದರೋ ಕ್ಷಾರ. ಹೆಚ್ಚು ಸಾಬೂನು, ಹೆಚ್ಚು ಬಿಸಿಯಾದ ನೀರು, ಹೆಚ್ಚು ಉಜ್ಜುವಿಕೆ ಈ ಮೂರೂ ಸೇರಿದರೆ ಗಾರೆ ಕರಗಿ ಗೋಡೆ ಸಡಿಲುತ್ತದೆ. ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟದೆ, ಲವಣಗಳೊಡನೆ ಕೂಡಿ ಬಿಳಿಯ ಗಸಿಯಾಗಿ ಬಕೆಟ್ಟಿನ ಅಂಚಿಗೆ ಹತ್ತುವುದನ್ನು ನೀವು ನೋಡಿರಬಹುದು. ಅದೇ ಗಸಿ ಮೈಮೇಲೂ ಉಳಿದು ತುರಿಕೆಯನ್ನು ತರುತ್ತದೆ. ನೊರೆ ಬರಲಿಲ್ಲವೆಂದು ಮತ್ತಷ್ಟು ಸಾಬೂನು ತಿಕ್ಕುವುದು ಇಲ್ಲಿ ಎಲ್ಲರ ರೂಢಿ. ಕಂಕುಳು, ತೊಡೆಸಂದು, ಪಾದಗಳಿಗೆ ಸಾಬೂನು ಸಾಕು. ತೋಳು ಬೆನ್ನುಗಳನ್ನು ದಿನವೂ ಉಜ್ಜಬೇಕಾದ ಅಗತ್ಯವಿಲ್ಲ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಹಿಡಿದಿಡುವ ಮನೆಯವರು ಮುಖ ತೊಳೆಯುವುದಕ್ಕೂ ತಲೆಗೆರೆಯುವುದಕ್ಕೂ ಆ ಮೃದುಜಲವನ್ನು ಬಳಸಿದರೆ ವ್ಯತ್ಯಾಸವು ಕೆಲವೇ ದಿನಗಳಲ್ಲಿ ತಿಳಿಯುವುದು.

ಸಾಬೂನನ್ನು ಕೊಳ್ಳುವಾಗ ಹೊದಿಕೆಯ ಮೇಲಿನ ಸುಂದರಿಯ ಚಿತ್ರವನ್ನು ಬಿಟ್ಟು, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ‘ಟಿ.ಎಫ್.ಎಂ.’ ಎಂದು ಅಲ್ಲಿ ಬರೆದಿರುವುದು ಸಾಬೂನಿನಲ್ಲಿರುವ ಕೊಬ್ಬಿನ ಅಂಶ. ಭಾರತೀಯ ಮಾನಕದಂತೆ ಅದು ಶೇಕಡ 76 ಅಥವಾ ಹೆಚ್ಚಿದ್ದರೆ ಮೊದಲನೆಯ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. ‘ಬೇದಿಂಗ್ ಬಾರ್’ ಎಂದು ಮಾರುವವುಗಳಲ್ಲಿ ಇನ್ನೂ ಕಡಮೆಯಿರಬಹುದು. ಮೊದಲ ದರ್ಜೆಯ ಸಾಬೂನೆಂದರೆ ದುಬಾರಿಯದೇ ಆಗಬೇಕೆಂದಿಲ್ಲ. ಈ ಮಾತಿಗೆ ನಮ್ಮ ನಾಡಿನದೇ ನಿದರ್ಶನ ಮೈಸೂರು ಸ್ಯಾಂಡಲ್ ಸಾಬೂನು. ಮೊದಲನೆಯ ಮಹಾಯುದ್ಧದಿಂದಾಗಿ ಗಂಧದ ಮರವನ್ನು ಯೂರೋಪಿಗೆ ಕಳುಹಿಸುವ ದಾರಿ ಮುಚ್ಚಿ ಕೊರಡುಗಳು ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಅದನ್ನು ಇಲ್ಲಿಯೇ ಬಟ್ಟಿಯಿಳಿಸಿ ಎಣ್ಣೆ ತೆಗೆಯಿಸಲು 1916ರಲ್ಲಿ ಉದ್ಯಮವನ್ನು ಆರಂಭಿಸಿದರು. ಎಸ್. ಜಿ. ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರು ಇಂಗ್ಲೆಂಡಿನಲ್ಲಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದು, ಪ್ರಾಣಿಗಳ ಕೊಬ್ಬನ್ನು ಸೇರಿಸದೆ ಗಂಧದೆಣ್ಣೆಯ ಸಾಬೂನನ್ನು ಸಿದ್ಧಪಡಿಸಿ ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದರು. ಅರಸರ ಮನೆಯ ಪರಿಮಳವು ಹಳ್ಳಿಯ ಬಚ್ಚಲಿಗೂ ಬಂದ ಆ ಕಥೆಯಲ್ಲಿ ನನಗೆ ಇಂದಿಗೂ ಅಭಿಮಾನವಿದೆ.

ಅಂಗರಾಗಗಳ ವಿದ್ಯೆ ನಮ್ಮಲ್ಲಿ ಹೊಸದೂ ಅಲ್ಲ. ಸುಮಾರು 1025ರಲ್ಲಿ ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳನ್ನು ಕೂಡಿಸುವ ವಿಷಯವು ಬಂದಿದೆ, ಅನಂತರ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ವು ಸ್ನಾನವನ್ನೂ ಅನುಲೇಪನವನ್ನೂ ರಾಜಭೋಗಗಳೆಂದೇ ಎಣಿಸಿ ವರ್ಣಿಸಿದೆ. ಸಾಮಾನ್ಯರ ಮನೆಯ ಅಭ್ಯಂಜನವು ಅದಕ್ಕಿಂತ ಸರಳ: ನೆತ್ತಿಗೆ ಹರಳೆಣ್ಣೆ, ಮೈಗೆ ಎಳ್ಳೆಣ್ಣೆ ಇಲ್ಲವೆ ಕೊಬ್ಬರಿ ಎಣ್ಣೆ, ಜಿಡ್ಡು ತೆಗೆಯುವುದಕ್ಕೆ ಸೀಗೆಪುಡಿ, ಮಕ್ಕಳಿಗಾದರೆ ಹೆಸರುಹಿಟ್ಟು ಅಥವಾ ಕಡಲೆಹಿಟ್ಟು. ಸಾಬೂನು ತಿಕ್ಕಿ ಒಣಗಿದ ಮೈಗಿಂತ ಹಿಟ್ಟಿನಿಂದ ಉಜ್ಜಿ ತುಸು ಎಣ್ಣೆ ಉಳಿದ ಮೈ ಈ ಒಣಸೀಮೆಗೆ ಹೆಚ್ಚು ಹೊಂದುತ್ತದೆಂಬುದರಲ್ಲಿ ಸಂದೇಹವಿಲ್ಲ. ಹಾಗೆಂದು ಅಡುಗೆಮನೆಯ ವಸ್ತುವೆಲ್ಲ ನಿರಪಾಯವೆಂದು ತಿಳಿಯಬಾರದು. ನಿಂಬೆಯ ರಸವನ್ನು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋದರೆ, ಆ ರಸದಲ್ಲಿರುವ ದ್ರವ್ಯವು ಸೂರ್ಯಕಿರಣದೊಡನೆ ಕೂಡಿ ಚರ್ಮವನ್ನು ಸುಟ್ಟು ತಿಂಗಳುಗಟ್ಟಲೆ ಮಾಸದ ಕಪ್ಪು ಕಲೆಯನ್ನು ಬಿಡುತ್ತದೆ. ಮೊಡವೆಯುಳ್ಳ ಹುಡುಗ ಹುಡುಗಿಯರ ಹಣೆಗೆ ತಲೆಯ ಎಣ್ಣೆ ಇಳಿಯುವುದೂ ಒಳ್ಳೆಯದಲ್ಲ.

ಮಾಗಿಯ ಗಾಳಿ ಬೀಸತೊಡಗಿದೊಡನೆ ಇಲ್ಲಿಯ ಹಿಮ್ಮಡಿಗಳು ಒಡೆಯುತ್ತವೆ, ತುಟಿ ಬಿರಿಯುತ್ತದೆ, ಮಕ್ಕಳ ಕೆನ್ನೆ ಬೂದಿ ಬಳಿದಂತಾಗುತ್ತದೆ. ಇದಕ್ಕೆ ಬೇಕಾದ ಔಷಧವು ಅತ್ಯಂತ ಅಗ್ಗವಾದುದು. ಅದನ್ನು ಹಚ್ಚುವ ಹೊತ್ತು ಮಾತ್ರ ಮುಖ್ಯ. ಸ್ನಾನವಾಗಿ ಮೈಯನ್ನು ಒತ್ತಿ ಒರಸಿದ ಮೇಲೆ, ತೇವವು ಪೂರ್ತಿ ಆರುವ ಮುನ್ನ ಎರಡು ಮೂರು ನಿಮಿಷಗಳೊಳಗಾಗಿ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ತೆಳ್ಳಗೆ ಸವರಿದರೆ ಒಳಗಿನ ತೇವ ಅಲ್ಲಿಯೇ ನಿಲ್ಲುತ್ತದೆ. ಒಣಗಿದ ಮೇಲೆ ಹಚ್ಚಿದ ಬೆಲೆಯುಳ್ಳ ಕ್ರೀಮಿಗೂ ಅಷ್ಟು ಗುಣವಿಲ್ಲ. ರಾತ್ರಿ ಪಾದಗಳನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ವ್ಯಾಸಲೀನು ಹಚ್ಚಿ, ಹಳೆಯ ಹತ್ತಿಯ ಕಾಲುಚೀಲವನ್ನು ತೊಟ್ಟು ಮಲಗಿದರೆ ಒಡೆದ ಹಿಮ್ಮಡಿ ಮೆಲ್ಲನೆ ಕೂಡುವುದು. ಎಣ್ಣೆಚರ್ಮದ ಮುಖಕ್ಕೆ ಮಾತ್ರ ಈ ಜಿಡ್ಡುಗಳ ಬದಲು ನೀರು ಬೆರೆಸಿದ ಗ್ಲಿಸರಿನ್ ಅಥವಾ ಪರಿಮಳವಿಲ್ಲದ ಹಗುರ ಲೋಷನ್ ಲೇಸು.

ಬಿಸಿಲಿನ ಕ್ರೀಮಿನ ವಿಚಾರದಲ್ಲಿ ನಾನು ಸ್ವಲ್ಪ ಖಚಿತವಾಗಿಯೇ ಹೇಳಬೇಕಾಗಿದೆ. ಎಸ್‌ಪಿಎಫ್ 30 ಎಂದಿರುವ ಸನ್‌ಸ್ಕ್ರೀನು ಚರ್ಮವನ್ನು ಸುಡುವ ಕಿರಣಗಳಲ್ಲಿ ಶೇಕಡ 97ರಷ್ಟನ್ನು ತಡೆದರೆ, 50 ಎಂದಿರುವುದು ಶೇಕಡ 98ರಷ್ಟನ್ನು ತಡೆಯುತ್ತದೆ. ಆ ಒಂದು ಅಂಶಕ್ಕಾಗಿ ಎರಡರಷ್ಟು ಹಣ ಕೊಡುವುದು ಅನಾವಶ್ಯಕ. ಆದರೆ ಈ ಲೆಕ್ಕವು ನಿಜವಾಗಬೇಕಾದರೆ ಮುಖ ಕತ್ತುಗಳಿಗೆ ಎರಡು ಬೆರಳುದ್ದದ ಕ್ರೀಮನ್ನು ಹಚ್ಚಿ, ಬೆವರಿದಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮಾಲೂರು ನರಸಾಪುರಗಳ ಕಾರ್ಖಾನೆಗೆ ಬಸ್ಸು ಹಿಡಿದು ಹೋಗಿ ಸೂರಿನ ಕೆಳಗೆ ಕೆಲಸ ಮಾಡುವ ಹುಡುಗಿಗೆ ಇದು ಸಾಧ್ಯ. ಹೊಲದಲ್ಲಿ ಹಗಲೆಲ್ಲ ಬಗ್ಗಿ ಟೊಮೇಟೊ ಬಿಡಿಸುವವಳಿಗೆ ಅದು ಕೂಲಿಯನ್ನೇ ತಿನ್ನುವ ಖರ್ಚು. ಅವಳಿಗೆ ಆ ತುಂಬುತೋಳಿನ ಅಂಗಿ, ಟವಲು, ಅಗಲವಾದ ಟೋಪಿ ಇವೇ ಶಾಸ್ತ್ರಸಮ್ಮತವಾದ ರಕ್ಷೆ. ದಟ್ಟವಾಗಿ ನೇಯ್ದ ಬಟ್ಟೆಯು ಬೆವರಿಗೆ ಅಳಿಸುವುದಿಲ್ಲ, ಒಗೆದು ಮತ್ತೆ ತೊಡಬಹುದು.

ಕಸುಬಿನಿಂದಲೇ ಬರುವ ಚರ್ಮಬಾಧೆಗಳು ಈ ಸೀಮೆಯಲ್ಲಿ ಹಲವಿವೆ. ಅವುಗಳನ್ನು ಕುರಿತು ಸೌಂದರ್ಯದ ಬರೆಹಗಳು ಎಂದೂ ಮಾತನಾಡುವುದಿಲ್ಲ. ಮೇ ತಿಂಗಳಿನಿಂದ ಶ್ರೀನಿವಾಸಪುರದ ಮಂಡಿಗಳಿಗೆ ಬಾದಾಮಿ, ರಸಪುರಿ, ತೋತಾಪುರಿ ಕಾಯಿಗಳು ಗಾಡಿಗಟ್ಟಲೆ ಇಳಿಯುವ ಕಾಲದಲ್ಲಿ, ದೋಟಿ ಹಿಡಿದು ಕಾಯಿ ಕೀಳುವವರ ಮುಂಗೈಯನ್ನೂ ಗದ್ದವನ್ನೂ ಹತ್ತಿರದಿಂದ ನೋಡಿ: ತೊಟ್ಟು ಮುರಿದ ಕ್ಷಣದಲ್ಲಿ ಚಿಮ್ಮುವ ಸೊನೆ ಬಿದ್ದೆಡೆ ಕಂದು ಬಣ್ಣದ ಗೆರೆ, ಅದರ ಸುತ್ತ ಕೆಂಪು, ಕೆಲವರಲ್ಲಿ ನೀರುಗುಳ್ಳೆ. ಗೇರುಕಾಯಿಯ ಎಣ್ಣೆಯೂ ಈ ಸೊನೆಯೂ ಒಂದೇ ಸಸ್ಯಕುಟುಂಬದವು, ಸುಡುವ ಗುಣವೂ ಒಂದೇ ಬಗೆಯದು. ಮುಂಚೆಯೇ ಕೈಮುಖಗಳಿಗೆ ವ್ಯಾಸಲೀನು ಸವರುವುದು, ತೊಟ್ಟನ್ನು ಒಂದೆರಡು ಅಂಗುಲ ಉಳಿಸಿ ಕೀಳುವುದು, ಸೊನೆ ತಗುಲಿದೊಡನೆ ಸಾಬೂನಿನಿಂದ ತೊಳೆಯುವುದು ಇವೇ ಉಪಾಯಗಳು. ಉರಿಗೆ ಕ್ಯಾಲಮೈನ್ ಲೋಷನ್ ಹಿತ. ಬದುಗಳ ಮೇಲೆ ಬೆಳೆಯುವ ಕಾಂಗ್ರೆಸ್ ಗಿಡ ಮತ್ತೊಂದು ಶತ್ರು. ಅದರ ಧೂಳು ಗಾಳಿಯಲ್ಲಿ ತೇಲಿ ಕಣ್ಣೆವೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ತುರಿಸುವ ಇಸಬನ್ನು ಎಬ್ಬಿಸುತ್ತದೆ. ಬರಿಗೈಯಲ್ಲಿ ಅದನ್ನು ಕೀಳಬಾರದು.

ಕಸುಬಿನಿಂದಲ್ಲದೆ ಅಂಗಡಿಯಿಂದ ಕೊಂಡು ತರುವ ವಸ್ತುಗಳಿಂದಲೂ ಚರ್ಮಕ್ಕೆ ಬಾಧೆಯುಂಟು. ಶಾಂಪೂವನ್ನು ಸ್ಯಾಷೆಯಲ್ಲಿ ತುಂಬಿ ಬಡವರ ಕೈಗೆಟುಕಿಸಿದ ಕೀರ್ತಿ ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಅವರದು. ಅಂದಿನಿಂದ ಚಿಲ್ಲರೆ ಅಂಗಡಿಯ ಬಾಗಿಲಲ್ಲಿ ಸ್ಯಾಷೆಗಳ ಸರಗಳು ತೂಗದ ಹಳ್ಳಿಯೇ ಇಲ್ಲ. ಆದರೆ ಅದೇ ಸರದಲ್ಲಿ ತೂಗುವ ತಲೆಬಣ್ಣದ ಪೊಟ್ಟಣಗಳಲ್ಲಿರುವ ಪಿ.ಪಿ.ಡಿ. ಎಂಬ ದ್ರವ್ಯವು ಕೆಲವರ ಹಣೆ ಕಿವಿಗಳನ್ನು ಊದಿಸುತ್ತದೆ. ಮೊದಲ ಬಾರಿ ಹಚ್ಚುವವರು ಕಿವಿಯ ಹಿಂದೆ ಒಂದು ಚುಕ್ಕೆಯಷ್ಟನ್ನು ಹಚ್ಚಿ ಎರಡು ದಿನ ಕಾಯಬೇಕು. ಅಂಟುಬಿಂದಿಯ ಅಂಟಿನಿಂದ ಹುಬ್ಬುಗಳ ನಡುವೆ ಬಿಳಿಯ ಮಚ್ಚೆ ಬಂದವರೂ ಇದ್ದಾರೆ. ಅಂಥ ಗುರುತು ಕಂಡೊಡನೆ ಬಿಂದಿಯನ್ನು ಬಿಡಬೇಕು.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚಾಗಿ ಬಾಧಿಸುವ ವಿಷಯ ಬೆಳ್ಳಗಾಗುವ ಹಂಬಲ. ಎಣ್ಣೆಗೆಂಪೂ ಕಪ್ಪೂ ನಮ್ಮ ಬಿಸಿಲಿನ ನಾಡಿಗೆ ಪ್ರಕೃತಿಯೇ ಕೊಟ್ಟ ಕೊಡೆಯಾಗಿರುವಾಗ, ಮದುವೆಯ ಮಾತುಕತೆಗೆ ಕುಳಿತವರು ಹೆಣ್ಣಿನ ಬಣ್ಣವನ್ನು ತೂಗುವುದರಿಂದ ಹುಟ್ಟಿದ ಈ ಹಂಬಲವು ಒಂದು ದೊಡ್ಡ ವ್ಯಾಪಾರವಾಯಿತು. 1975ರಲ್ಲಿ ಪೇಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ಯು 2020ರಲ್ಲಿ ತನ್ನ ಹೆಸರಿನ ‘ಫೇರ್’ ಎಂಬ ಮಾತನ್ನು ಕೈಬಿಟ್ಟಿತು. ಜನರ ಮನಸ್ಸಿನಿಂದ ಅದು ಹೋಗಿಲ್ಲ. ಇದಕ್ಕಿಂತ ಭಯಂಕರವಾದುದು, ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ತರುವ ಸಣ್ಣ ಟ್ಯೂಬು. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಸ್ಟಿರಾಯ್ಡುಗಳು ವೈದ್ಯರ ಕೈಯಲ್ಲಿ ಉತ್ತಮ ಔಷಧಗಳೇ. ಬಂಗು, ಮೊಡವೆ, ಕಪ್ಪುಗಳಿಗೆಂದು ಮುಖಕ್ಕೆ ದಿನವೂ ಬಳಿದಾಗ ಮೊದಲ ಕೆಲವು ವಾರ ಮುಖವು ತಿಳಿಯಾಗಿ ಹೊಳೆಯುತ್ತದೆ, ನೆರೆಯವರು ಕೇಳಿ ತಾವೂ ತರಿಸುತ್ತಾರೆ. ಆಮೇಲೆ ಚರ್ಮವು ಕಾಗದದಂತೆ ತೆಳುವಾಗಿ, ರಕ್ತನಾಳಗಳು ಕೆಂಪು ನೂಲಿನಂತೆ ಕಾಣಿಸಿಕೊಂಡು, ಮೊಡವೆಗಳೂ ಅನಗತ್ಯವಾದ ಕೂದಲೂ ಎದ್ದು, ಬಿಸಿಲಿಗೆ ಹೋದರೆ ಉರಿ, ಹಚ್ಚುವುದನ್ನು ಬಿಟ್ಟರೆ ಇಮ್ಮಡಿ ಉರಿ ಎಂಬ ಸ್ಥಿತಿಗೆ ಬರುತ್ತದೆ. ಹುಳುಕಡ್ಡಿಗೆ ಇದನ್ನೇ ಹಚ್ಚಿದರೆ ತುರಿಕೆ ಅಡಗಿದಂತೆ ತೋರಿ, ರೋಗವು ಮೈಯೆಲ್ಲ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ 14 ಸ್ಟಿರಾಯ್ಡ್ ಲೇಪಗಳನ್ನು ‘ಶೆಡ್ಯೂಲ್ ಎಚ್’ಗೆ ಸೇರಿಸಿ, ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿದರೂ ಮಾರಾಟವು ನಿಂತಿಲ್ಲ. ತಯಾರಕರ ವಿಳಾಸವಿಲ್ಲದ, ಲೈಸೆನ್ಸ್ ಸಂಖ್ಯೆಯಿಲ್ಲದ ಕ್ರೀಮಿನ ಡಬ್ಬಿಗಳಲ್ಲಿ ಪಾದರಸವೂ ಇರಬಹುದು; 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮು ಬಳಸಿದವರಿಗೆ ಮೂತ್ರಪಿಂಡದ ರೋಗ ಬಂದುದನ್ನು ವೈದ್ಯರು ಗುರುತಿಸಿದ್ದರು.

ಮನೆಯಲ್ಲಿರುವ ಟ್ಯೂಬುಗಳನ್ನು ಇಂದೇ ತೆಗೆದು ಹಿಂಬದಿಯನ್ನು ಓದಿರಿ. ಕಣ್ಣು ಮಂಜಾದವರು ಓದುವ ಮಕ್ಕಳಿಂದ ಓದಿಸಿರಿ. ಮೇಲೆ ಹೇಳಿದ ಮೂರು ಹೆಸರುಗಳಲ್ಲಿ ಯಾವುದಾದರೊಂದು ಇದ್ದು, ತಿಂಗಳುಗಟ್ಟಲೆ ಅದನ್ನು ಮುಖಕ್ಕೆ ಹಚ್ಚಿದ್ದರೆ ಗಾಬರಿಯಾಗಿ ಒಮ್ಮೆಗೇ ನಿಲ್ಲಿಸಿಬಿಡಬೇಡಿ. ಅದನ್ನು ಹೇಗೆ ಬಿಡಬೇಕೆಂಬುದನ್ನು ವೈದ್ಯರೇ ಹೇಳಬೇಕು. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗಾಗಲಿ ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ ಹೋಗುವಾಗ, ನಾಚಿಕೆಪಡದೆ ಆ ಟ್ಯೂಬನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿರಿ.