ಬೆಂಚಿಗೆ ಬಂದವರ ಲೆಕ್ಕ

ಹೋದ ತಿಂಗಳು ಖಾಲಾರ ಮಗ ಬೆಂಗಳೂರಿನಿಂದ ನಮ್ಮ ಮನೆಗೆ ಬಂದಿದ್ದರು. ಊಟ ಮಾಡುತ್ತಾ, "ನಾನು ಬೆಂಚಿಗೆ ಬಂದಿದ್ದೇನೆ" ಎಂದರು. ಅಮ್ಮಿಗೆ ಅರ್ಥವಾಗಲಿಲ್ಲ. "ಇನ್ನೂ ಟ್ರೇನಿಂಗ್ ನಡೀತಿದೆಯಾ ಬೇಟಾ?" ಎಂದು ಕೇಳಿದರು. ಭಾಯ್ ನಕ್ಕರು, ಆದರೆ ಊಟ ಅರ್ಧ ತಟ್ಟೆಯಲ್ಲೇ ಉಳಿಯಿತು. ಅವರು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ 4 ವರ್ಷ 3 ತಿಂಗಳಿಂದ ಕೆಲಸ ಮಾಡುತ್ತಿದ್ದಾರೆ.

ಬೆಂಚ್ ಎಂದರೇನು ಎಂದು ಅವರೇ ವಿವರಿಸಿದರು. ನಮ್ಮ ದೊಡ್ಡ ಐಟಿ ಕಂಪನಿಗಳು ಮುಖ್ಯವಾಗಿ ಮಾರುವುದು ಮನುಷ್ಯರ ಸಮಯವನ್ನು. ಅಮೆರಿಕದ ಒಂದು ಬ್ಯಾಂಕಿನ ಪ್ರಾಜೆಕ್ಟ್‌ನಲ್ಲಿ ನೀವಿದ್ದರೆ ನಿಮ್ಮ ಹೆಸರಿನಲ್ಲಿ ಆ ಬ್ಯಾಂಕಿಗೆ ಬಿಲ್ ಹೋಗುತ್ತದೆ. ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗೆ ಸಂಬಳ ಬರುತ್ತದೆ, ಬಿಲ್ ಹೋಗುವುದಿಲ್ಲ. ಆ ಅವಧಿಯೇ ಬೆಂಚ್. ಅಬ್ಬು ತಮ್ಮ ಅಂಗಡಿ ಭಾಷೆಯಲ್ಲಿ "ಗೋಡೌನಿನಲ್ಲಿ ಕೂತ ಮಾಲು" ಎಂದರು. ಭಾಯ್ ಇಲ್ಲವೆನ್ನಲಿಲ್ಲ. ಟಿಸಿಎಸ್ 2025ರ ಜೂನ್‌ನಲ್ಲಿ ತಂದ ನಿಯಮದ ಪ್ರಕಾರ ಒಬ್ಬ ಉದ್ಯೋಗಿ ವರ್ಷಕ್ಕೆ ಕನಿಷ್ಠ 225 ದಿನ ಬಿಲ್ ಆಗುವ ಕೆಲಸದಲ್ಲಿರಬೇಕು, ಬೆಂಚ್ 35 ದಿನ ಮೀರಬಾರದು. ಮರು ತಿಂಗಳೇ ಆ ಕಂಪನಿ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 2ರಷ್ಟು, ಅಂದರೆ 12,000ದಷ್ಟು ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಮೇಲಿನ ಹಂತದವರು.

ಲಾಭದಲ್ಲಿರುವ ಕಂಪನಿ ಜನರನ್ನು ಯಾಕೆ ತೆಗೆಯುತ್ತದೆ? ಕೋವಿಡ್ ಸಮಯದಲ್ಲಿ ಎಲ್ಲವೂ ಆನ್‌ಲೈನ್ ಆಯಿತು, ಬಡ್ಡಿ ದರ ಕಡಿಮೆಯಿತ್ತು, ಕಂಪನಿಗಳು ಮಿತಿಮೀರಿ ಜನರನ್ನು ಸೇರಿಸಿಕೊಂಡವು. 2022ರ ಮಾರ್ಚ್‌ನಿಂದ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ಏರಿಸತೊಡಗಿತು. ಶೂನ್ಯದ ಹತ್ತಿರವಿದ್ದ ದರ 2023ರ ಜುಲೈ ಹೊತ್ತಿಗೆ ಶೇ. 5.25ರಿಂದ 5.5ಕ್ಕೆ ಮುಟ್ಟಿತು. ಸಾಲ ದುಬಾರಿಯಾದಾಗ ಎಲ್ಲರೂ ಮೊದಲು ಖರ್ಚಿನ ಕಡೆ ನೋಡುತ್ತಾರೆ. 2023ರ ಜನವರಿಯೊಂದರಲ್ಲೇ ಗೂಗಲ್ 12,000, ಮೈಕ್ರೋಸಾಫ್ಟ್ 10,000 ಹುದ್ದೆಗಳ ಕಡಿತ ಪ್ರಕಟಿಸಿದವು. ಈಗ ಎಐ ಕೂಡ ಸೇರಿಕೊಂಡಿದೆ. ಲಾಭ-ನಷ್ಟದ ಖಾತೆಯಲ್ಲಿ ಸಂಬಳ ಎನ್ನುವುದು ಡೆಬಿಟ್ ಬದಿಯ ಒಂದು ಸಾಲು ಮಾತ್ರ. ಆ ಸಾಲಿನೊಳಗೆ ನಮ್ಮ ಭಾಯ್ ಇದ್ದಾರೆ ಎಂದು ನನಗೆ ಮೊದಲು ಹೊಳೆದಿರಲಿಲ್ಲ.

ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದ ಸ್ಟಾಫಿಂಗ್ ಅಧ್ಯಾಯ ಜನರನ್ನು ಹುಡುಕುವುದು, ಆರಿಸುವುದು, ತರಬೇತಿ ಕೊಡುವುದು ಎಲ್ಲವನ್ನೂ ಕಂಪನಿಯ ಕಡೆಯಿಂದ ಹೇಳುತ್ತದೆ. ಈ ಕಡೆ ಕೂತವನು ಏನು ಮಾಡಬೇಕು ಎಂಬ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ. ಹಾಗಾಗಿ ಭಾಯ್ ಜೊತೆ ಕೂತು ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ರಾಜೀನಾಮೆ ಪತ್ರ. ಎಷ್ಟೋ ಕಡೆ ಎಚ್.ಆರ್. ನೇರವಾಗಿ "ತೆಗೆಯುತ್ತಿದ್ದೇವೆ" ಎನ್ನುವುದಿಲ್ಲ. "ನೀವೇ ರಾಜೀನಾಮೆ ಕೊಡಿ, ದಾಖಲೆ ಚೆನ್ನಾಗಿರುತ್ತದೆ" ಎನ್ನುತ್ತಾರೆ. ಮುಂದಿನ ಕಂಪನಿ ರಿಲೀವಿಂಗ್ ಲೆಟರ್ ಕೇಳುತ್ತದೆ ಎಂಬ ಹೆದರಿಕೆಯಿಂದ ಹುಡುಗರು ಅಲ್ಲೇ ಸಹಿ ಹಾಕುತ್ತಾರೆ. ಆದರೆ ಕಾನೂನಿನಲ್ಲಿ ಎರಡಕ್ಕೂ ಬಹಳ ವ್ಯತ್ಯಾಸವಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ, ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಲೆಕ್ಕ ಇದು: ಕನಿಷ್ಠ ಒಂದು ವರ್ಷ ದುಡಿದ ಕಾರ್ಮಿಕನನ್ನು ಕಂಪನಿ ತಾನಾಗಿ ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಕೊಡಬೇಕು. ತಿಂಗಳಿಗೆ 80,000 ರೂ. ಸಂಬಳವಿದ್ದು 4 ವರ್ಷ ದುಡಿದವರಿಗೆ ಇದು ಸುಮಾರು 1,60,000 ರೂ. ಆಗುತ್ತದೆ. ತಾನೇ ರಾಜೀನಾಮೆ ಕೊಟ್ಟವನಿಗೆ ಈ ಪರಿಹಾರ ಇಲ್ಲ. ಮ್ಯಾನೇಜರ್ ಕೆಲಸ ಮಾಡುವವರು ಈ ರಕ್ಷಣೆಯೊಳಗೆ ಬರುವುದಿಲ್ಲ. ಆದರೆ ಕಾರ್ಡಿನ ಮೇಲೆ ಮ್ಯಾನೇಜರ್ ಎಂದು ಬರೆದಿದ್ದರೆ ಸಾಲದು, ನಿಜವಾಗಿ ಏನು ಕೆಲಸ ಮಾಡುತ್ತಾನೆ ಎಂಬುದನ್ನು ನೋಡಬೇಕಾಗುತ್ತದೆ. ಆದ್ದರಿಂದ ಭಾಯ್ ಹೇಳಿದ್ದು ಇಷ್ಟೇ: ಮೀಟಿಂಗ್‌ನಲ್ಲಿ ಸಹಿ ಹಾಕಬೇಡಿ, ಏನು ಕೊಡುತ್ತೀರಿ ಎಂಬುದನ್ನು ಇ-ಮೇಲ್‌ನಲ್ಲಿ ಕೇಳಿ, ಒಂದೆರಡು ದಿನ ಸಮಯ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಐಟಿ ನೌಕರರಿಗೆ 2017ರಿಂದ ಕಿಟು ಎಂಬ ಸಂಘವಿದೆ. ಸಂಘ ಎಂದರೆ ಕಾರ್ಖಾನೆಯವರಿಗೆ ಮಾತ್ರ ಎಂದು ನಾನು ತಿಳಿದಿದ್ದೆ.

ಇನ್ನೊಂದು ಗ್ರಾಚ್ಯುಟಿ. ಇದರ ಬಗ್ಗೆ ನಮ್ಮ ಮನೆಯಲ್ಲಿ ಜಗಳವೇ ಆಯಿತು. ಕಾಯಂ ನೌಕರ 5 ವರ್ಷ ಪೂರೈಸಿದರೆ ರಾಜೀನಾಮೆ ಕೊಟ್ಟರೂ ಇದು ಸಿಗುತ್ತದೆ. ಕೊನೆಯ ಮೂಲ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಭಾಯ್ ಅವರ ಮೂಲ ವೇತನ 40,000 ರೂ. ಎಂದಿಟ್ಟುಕೊಂಡರೆ 5 ವರ್ಷಕ್ಕೆ 1,15,385 ರೂ. ಖಾಲಾ, "ಒಂಬತ್ತೇ ತಿಂಗಳು, ಸಬರ್ ಮಾಡು" ಎಂದರು. ಕೇಳಲು ಸರಿಯಾಗಿಯೇ ಇತ್ತು. ನಾನು ಮೊದಲ ಪಿಯುಸಿಯಲ್ಲಿ ಓದಿದ ಕನ್ಸರ್ವೇಟಿಸಂ ತತ್ವವನ್ನು ಹೇಳಿದೆ: ಬರಬಹುದಾದ ಲಾಭವನ್ನು ಪುಸ್ತಕದಲ್ಲಿ ಬರೆಯಬಾರದು, ಬರಬಹುದಾದ ನಷ್ಟಕ್ಕೆ ಮೊದಲೇ ಹಣ ತೆಗೆದಿಡಬೇಕು. ಒಂಬತ್ತು ತಿಂಗಳು ಕಾಯುತ್ತಾ ನಡುವೆಯೇ ಕೆಲಸ ಹೋದರೆ ಗ್ರಾಚ್ಯುಟಿಯ ಖಾತ್ರಿಯೂ ಇಲ್ಲ, ಕೈಯಲ್ಲಿ ಬೇರೆ ಕೆಲಸವೂ ಇಲ್ಲ. ಎರಡು ತಿಂಗಳ ಸಂಬಳ ನಿಂತರೆ ಆ ಇಡೀ ಮೊತ್ತಕ್ಕಿಂತ ಹೆಚ್ಚು ಹೋಗುತ್ತದೆ. ಖಾಲಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಭಾಯ್ ಮಾತ್ರ ನನ್ನ ಬೆನ್ನು ತಟ್ಟಿದರು.

ಕೆಲಸ ಹುಡುಕುವುದು ಕೆಲಸ ಕೈಯಲ್ಲಿರುವಾಗಲೇ ಶುರುವಾಗಬೇಕು. ಇದಕ್ಕೆ ಧೈರ್ಯ ಒಂದೇ ಕಾರಣವಲ್ಲ, ನೋಟಿಸ್ ಅವಧಿಯೂ ಕಾರಣ. ಹಲವು ಕಂಪನಿಗಳಲ್ಲಿ ಅದು 90 ದಿನ. ಹೊಸ ಕಂಪನಿಯವರು "30 ದಿನದಲ್ಲಿ ಬರುತ್ತೀರಾ?" ಎನ್ನುತ್ತಾರೆ. ನೌಕ್ರಿ ತಾಣದಲ್ಲಿ ನೋಟಿಸ್ ಅವಧಿ ನೋಡಿಯೇ ಹೆಸರುಗಳನ್ನು ಸೋಸುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕುತ್ತಿರುವುದನ್ನು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆ ಇಡಬಹುದು, ಆದರೆ ಸ್ವಂತ ಕಂಪನಿಯವರಿಗೆ ಕಾಣುವುದೇ ಇಲ್ಲ ಎಂಬ ಖಾತ್ರಿಯನ್ನು ಆ ತಾಣವೂ ಕೊಡುವುದಿಲ್ಲ. ಬಯೋಡೇಟಾ ಸರಳವಾಗಿರಲಿ. ಮೊದಲು ಓದುವುದು ಬಹಳ ಕಡೆ ಸಾಫ್ಟ್‌ವೇರ್, ಅದಕ್ಕೆ ಟೇಬಲ್, ಚಿತ್ರ ಸರಿಯಾಗಿ ಓದಲು ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು ಹಳೆಯ ಸಹೋದ್ಯೋಗಿಗಳ ಶಿಫಾರಸು. ಇದನ್ನು ಕೇಳಲು ಭಾಯ್‌ಗೆ ನಾಚಿಕೆಯಿತ್ತು, ಒಂದು ವಾರ ಫೋನ್ ಹಿಡಿದು ಸುಮ್ಮನೆ ಕೂತಿದ್ದರಂತೆ. ವಿದೇಶಿ ಕಂಪನಿಗಳು ಇಲ್ಲೇ ತೆರೆಯುತ್ತಿರುವ ತಮ್ಮ ಕೇಂದ್ರಗಳು, ಅಂದರೆ ಜಿಸಿಸಿಗಳು, ದೇಶದಲ್ಲಿ 1,700ಕ್ಕೂ ಹೆಚ್ಚಿವೆ. ಅತಿ ಹೆಚ್ಚು ಇರುವುದು ಬೆಂಗಳೂರಿನಲ್ಲೇ. ಭಾಯ್ ಈಗ ಅಲ್ಲಿಯೇ ಹುಡುಕುತ್ತಿದ್ದಾರೆ. ಆಫರ್ ಲೆಟರ್‌ಗೆ ದುಡ್ಡು ಕೇಳಿದ ಒಂದು ಕನ್ಸಲ್ಟೆನ್ಸಿಯ ನಂಬರನ್ನು ಬ್ಲಾಕ್ ಮಾಡಿದ್ದಾರೆ.

ಯಾರೂ ನೆನಪಿಡದ ಒಂದು ವಿಷಯವೆಂದರೆ ಆರೋಗ್ಯ ವಿಮೆ. ಹೋದ ವರ್ಷ ಖಾಲಾರಿಗೆ ಸ್ಟೆಂಟ್ ಹಾಕಿಸಿದ ಖರ್ಚನ್ನು ಕೊಟ್ಟಿದ್ದು ಭಾಯ್ ಕಂಪನಿಯ ಗುಂಪು ವಿಮೆ. ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೆ ಅದೂ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ಆದರೆ ಕವರ್ ಮುಗಿಯುವ ಮೊದಲೇ ಅರ್ಜಿ ಹಾಕಬೇಕು. ಪ್ರೀಮಿಯಂ ನಾವೇ ಕಟ್ಟಬೇಕು.

ಭಾಯ್ ಒಂದು ಕಡೆ ಎರಡನೇ ಸುತ್ತಿನ ಇಂಟರ್‌ವ್ಯೂ ಮುಗಿಸಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ಬೆಂಚಿಗೆ ಬಂದು ಇವತ್ತಿಗೆ 26 ದಿನ. ಖಾಲಾರ ಪಾಲಿಸಿಯ ಅರ್ಜಿಯನ್ನು ನಾನೇ ತುಂಬಿದೆ. ಹಳೆಯ ಕಾಯಿಲೆಗಳ ಕಾಲಂನಲ್ಲಿ ಸ್ಟೆಂಟ್ ಹಾಕಿದ ತಾರೀಕು ಬರೆಯಬೇಕಿತ್ತು. ಆಸ್ಪತ್ರೆಯ ಡಿಸ್ಚಾರ್ಜ್ ಪೇಪರ್ ಹುಡುಕುವುದರಲ್ಲೇ ಒಂದು ಸಂಜೆ ಹೋಯಿತು. ಕೊನೆಗೆ ಅದು ಸಿಕ್ಕಿದ್ದು ಖಾಲಾರ ಬೀರುವಿನಲ್ಲಿ, ಭಾಯ್ ಅವರ ಮೊದಲ ಆಫರ್ ಲೆಟರ್ ಇಟ್ಟಿದ್ದ ಅದೇ ಫೈಲಿನಲ್ಲಿ.