ಮರಳುಗಾಡಿನ ಅಂಚಿನಲ್ಲೊಂದು ಗಾಳ

ಕೊಲ್ಲಿ ನಾಡು ಎಂದೊಡನೆ ಊರಿನಲ್ಲಿರುವ ನಮ್ಮ ಬಂಧುಗಳ ಕಣ್ಣಮುಂದೆ ನಿಲ್ಲುವುದು ತೈಲಬಾವಿ, ಬಂಗಾರದ ಅಂಗಡಿ ಮತ್ತು ಬಿಸಿಲಿನಲ್ಲಿ ಬೇಯುವ ಮರಳು. ಒಮಾನ್ ದೇಶಕ್ಕೆ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಕಡಲತೀರವಿದೆ. 1967ರಲ್ಲಿ ಇಲ್ಲಿಂದ ತೈಲದ ರಫ್ತು ಆರಂಭವಾಗುವ ಮೊದಲು ಮೀನು, ಖರ್ಜೂರ ಮತ್ತು ಧೂಪಗಳೇ ಈ ನಾಡಿನ ಬಾಳಿಗೆ ಆಧಾರವಾಗಿದ್ದವು ಎಂಬುದು ಹೆಚ್ಚಿನವರಿಗೆ ತಿಳಿಯದು. ಈ ಬೇಯುವ ಮರಳಿನ ಅಂಚಿನಲ್ಲೇ, ಕಡುಬೇಸಿಗೆಯಲ್ಲಿ ಕಾಲಿಟ್ಟರೆ ಜುಮ್ಮೆನ್ನಿಸುವ ತಣ್ಣೀರಿನ ಕಡಲೊಂದಿದೆ ಎಂದರೆ ನಂಬುವವರು ಇನ್ನೂ ವಿರಳ. ಮೂರು ದಶಕಗಳಿಂದ ಮತ್ರಾದಲ್ಲಿ ಸಂಸಾರ ಹೂಡಿರುವ ಕುಂದಾಪುರದ ಹೆಣ್ಣುಮಗಳಾದ ನಾನು ಆ ಕಡಲನ್ನೂ, ಅದರ ದಂಡೆಯಲ್ಲಿ ನಿಂತು ಹಗುರವಾದ ಗಾಳ ಬೀಸುವ ಹವ್ಯಾಸವನ್ನೂ ಸಮ್ಮೇಳನದ ಪ್ರತಿನಿಧಿಗಳಿಗೆ ಪರಿಚಯಿಸಲು ಬಯಸುತ್ತೇನೆ.

ಮತ್ರಾ ಹಳೆಯ ಬಂದರು. ಹಿಂದೆ ಕಡುಬಣ್ಣದ ಬೋಳುಗುಡ್ಡಗಳು, ಮೇಲೆ ಪೋರ್ಚುಗೀಸರ ಕಾಲದ ಕೋಟೆ, ಮುಂದೆ ಬಿಲ್ಲಿನಂತೆ ಬಾಗಿದ ಕಡಲತಡಿಯ ರಸ್ತೆ, ಒಳಗೆ ಕಿರಿದಾದ ಓಣಿಗಳ ಸೂಕ್. ರಸ್ತೆಯ ಒಂದು ತುದಿಗೆ, ನಾರ್ವೆ ದೇಶದ ಸ್ನೋಹೆಟ್ಟಾ ಸಂಸ್ಥೆ ರೂಪಿಸಿದ, 2017ರಲ್ಲಿ ತೆರೆದ ಮೀನು ಮಾರುಕಟ್ಟೆಯಿದೆ. ನಮ್ಮ ಅಂಜಲ್ ಅಲ್ಲಿ ಕನಅದ್. ನಮ್ಮ ಬೈಗೆ ಅಲ್ಲಿ ಊಮಾ. ಸಂಜೆ ಬಿಸಿಲಿಳಿದ ಮೇಲೆ ಬಂಡೆಗಳ ಮೇಲೆ ಕುಳಿತು ಗಾಳ ಹಾಕುವ ಒಮಾನಿಗಳನ್ನೂ ಬಂಗಾಳಿಗಳನ್ನೂ ಮಲಯಾಳಿಗಳನ್ನೂ ನಾನು ಬಂದ ದಿನದಿಂದ ಕಂಡಿದ್ದೇನೆ. ಖಾಲಿ ಬಾಟಲಿಗೆ ಸುತ್ತಿದ ನೈಲಾನ್ ದಾರ, ಒಂದು ಸೀಸದ ಗುಂಡು, ಕೊಕ್ಕೆಗೆ ಬೈಗೆಯದೋ ಬೊಂಡಾಸಿನದೋ ತುಂಡು: ಅವರ ಸಾಮಗ್ರಿ ಇಷ್ಟೇ.

ನಮ್ಮ ಮನೆಗೆ ಈ ಗಾಳ ಬಂದದ್ದು ಕಷ್ಟಕಾಲದಲ್ಲಿ. 2014ರಲ್ಲಿ ಮತ್ರಾದ ಸುಲ್ತಾನ್ ಕಾಬೂಸ್ ಬಂದರಿನ ಸರಕು ವ್ಯವಹಾರವೆಲ್ಲ ಸೋಹಾರಿಗೆ ವರ್ಗವಾಯಿತು. ಸರಕು ಬಿಡಿಸಿಕೊಡುವ ಕಚೇರಿಯೊಂದರಲ್ಲಿದ್ದ ನಮ್ಮವರು ಕೆಲಸ ಕಳೆದುಕೊಂಡರು. ಮಗ ಊರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಮನೆ ಕಟ್ಟಲು ಮಾಡಿದ ಸಾಲ ಬಾಕಿಯಿತ್ತು. ಹೊಸ ಕೆಲಸ ಸಿಗದಿದ್ದರೆ ಮೂಟೆ ಕಟ್ಟಬೇಕಾಗಿತ್ತು. ಸ್ವಭಾವತಃ ಮಾತುಗಾರರಾದ ಅವರು ದಿನಗಟ್ಟಲೆ ಕಿಟಕಿಯ ಬಳಿ ಮೌನವಾಗಿ ಕುಳಿತಿರುತ್ತಿದ್ದರು. ಆಗ ಪಕ್ಕದ ಓಣಿಯ ಒಮಾನಿ ಹಿರಿಯರೊಬ್ಬರು ಬಾಗಿಲಿಗೆ ಬಂದರು. ಯೌವನದಲ್ಲಿ ಹಾಯಿಹಡಗಿನಲ್ಲಿ ದುಡಿದು, ಮಂಗಳೂರಿನ ಕೆಂಪು ಹೆಂಚು ಹೊತ್ತು ತಂದವರು; ಮುಂಬಯಿಯ ಹಿಂದಿ ಬಲ್ಲವರು. "ತಂಗೀ, ಇವರನ್ನು ಸಂಜೆ ನನ್ನ ಜೊತೆ ಕಳಿಸು. ಕಡಲು ಕೆಲಸ ಕೊಡುವುದಿಲ್ಲ, ಆದರೆ ಕಾಯುವುದನ್ನು ಕಲಿಸುತ್ತದೆ" ಎಂದರು. ಐದು ತಿಂಗಳು ಇಬ್ಬರೂ ಬಂಡೆಯ ಮೇಲೆ ಕುಳಿತರು. ಕೆಲವು ದಿನ ನಾಲ್ಕು ಮೀನು, ಕೆಲವು ದಿನ ಬರಿಗೈ. ಮೊದಲು ಮೀನಿನ ವಿಷಯ, ಅನಂತರ ಗಾಳಿಯ ವಿಷಯ, ಕೊನೆಗೆ ಮನಸ್ಸಿನ ವಿಷಯ. ಹೀಗೆ ನಮ್ಮವರಿಗೆ ಮಾತು ಮರಳಿ ಬಂತು. ಆರನೆಯ ತಿಂಗಳು ಬೇರೆಡೆ ಕೆಲಸವೂ ಸಿಕ್ಕಿತು. ಮೊದಲ ಸಂಬಳದಲ್ಲಿ ಅವರು ನನಗೊಂದು ಸೀರೆ ತಂದರು. ತಮಗೊಂದು ಗಾಳದ ಕೋಲು ತಂದುಕೊಂಡರು.

ಆ ಕೋಲೇ ನಮ್ಮನ್ನು ದಕ್ಷಿಣದ ತಣ್ಣೀರ ಕಡಲಿಗೆ ಕರೆದೊಯ್ದಿತು. ಮಸ್ಕತ್ತಿನಿಂದ ಆದಮ್, ಹೈಮಾ, ತುಮ್ರೈತ್ ಮಾರ್ಗವಾಗಿ ಸಲಾಲಾಕ್ಕೆ ಸುಮಾರು ಸಾವಿರ ಕಿಲೋಮೀಟರ್. ದಾರಿಯುದ್ದಕ್ಕೂ ಬರಿಯ ಬಯಲು. ಸಲಾಲಾದಿಂದ ಪೂರ್ವಕ್ಕೆ ಎಪ್ಪತ್ತು ಕಿಲೋಮೀಟರ್ ಸಾಗಿದರೆ ಮಿರ್ಬಾತ್. ಕುಂದಾಪುರದಲ್ಲಿ ಮಳೆ ಸುರಿಸುವ ಅದೇ ನೈಋತ್ಯ ಮಾರುತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಂಡೆಗೆ ಸಮಾನಾಂತರವಾಗಿ ಬೀಸುತ್ತದೆ. ಅದನ್ನು ಇಲ್ಲಿ ಖರೀಫ್ ಎನ್ನುತ್ತಾರೆ. ಗಾಳಿಯ ಒತ್ತಡ ಹಾಗೂ ಭೂಮಿಯ ಭ್ರಮಣೆಯ ಪರಿಣಾಮದಿಂದ ಮೇಲಿನ ಬಿಸಿನೀರು ದಡ ಬಿಟ್ಟು ದೂರ ಸರಿಯುತ್ತದೆ. ಆ ತೆರವನ್ನು ತುಂಬಲು ಆಳದ ತಣ್ಣೀರು ಮೇಲೇಳುತ್ತದೆ. ನಡುಬೇಸಿಗೆಯಲ್ಲಿ ಇಲ್ಲಿನ ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗಿಳಿಯುವುದುಂಟು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳ ತಂಪು ಕಡಲಿನಲ್ಲಿ ಬೆಳೆಯುವ ಎಕ್ಲೋನಿಯ ಎಂಬ ದೊಡ್ಡ ಕಡಲಕಳೆ ಮಿರ್ಬಾತಿನಲ್ಲೂ ಬೆಳೆಯುವುದು ಈ ಕಾರಣದಿಂದಲೇ. ಆಳದ ನೀರಿನೊಡನೆ ಬಂದ ಪೋಷಕಾಂಶಗಳಿಂದ ಸೂಕ್ಷ್ಮ ಸಸ್ಯಗಳು, ಅವುಗಳಿಂದ ಬೈಗೆ, ಬೈಗೆಯ ಬೆನ್ನು ಹತ್ತಿ ದೊಡ್ಡ ಮೀನುಗಳು ಸಮೃದ್ಧವಾಗುತ್ತವೆ. ಮೇಲೆ ಹುಲ್ಲಿಲ್ಲದ ಮರಳು, ಕೆಳಗೆ ಹುಲುಸಾದ ಹುಲ್ಲುಗಾವಲು. ಎರಡಕ್ಕೂ ಒಂದೇ ದಡ!

ಹಗುರ ಗಾಳದ ಮರ್ಮವೂ ಇಲ್ಲೇ ಇದೆ. ಮೀನು ದಂಡೆಗೆ ಅಷ್ಟು ಸಮೀಪ ಬರುವುದರಿಂದ ಭಾರವಾದ ಸಲಕರಣೆ ಬೇಡ. ಎಂಟು ಒಂಬತ್ತು ಅಡಿಯ ಬಳುಕುವ ಕೋಲು, ಅಂಗೈಯಲ್ಲಿ ಹಿಡಿಸುವ ರೀಲು, ಹೆಣೆದ ತೆಳುದಾರ, ತುದಿಗೆ 20ರಿಂದ 40 ಗ್ರಾಂ ತೂಕದ ಹೊಳೆಯುವ ಲೋಹದ ಚಮಚ. ಅದನ್ನು ದೂರಕ್ಕೆ ಬೀಸಿ, ಗಾಯಗೊಂಡ ಬೈಗೆಯಂತೆ ತಡೆದು ತಡೆದು ಎಳೆದುಕೊಳ್ಳಬೇಕು. ಹಲ್ಲು ಹರಿತವಾದ ಮೀನಿರುವ ಕಡೆ ಗೇಣುದ್ದ ಉಕ್ಕಿನ ತಂತಿ ಕಟ್ಟಬೇಕು. ದಾರದ ಬಿಗಿಯನ್ನು ಹೊಂದಿಸುವ ತಿರುಪು ರೀಲಿನಲ್ಲಿರುತ್ತದೆ. ಮೀನು ಓಡುವಾಗ ಬಿಡಬೇಕು, ದಣಿದಾಗ ಸುತ್ತಬೇಕು. ಜಗ್ಗಾಡಿದರೆ ದಾರ ಹರಿಯುತ್ತದೆ. ಅಲೆ ಮುರಿಯುವ ಮರಳಿನಲ್ಲಿ ಏಡಿ ಹುಡುಕುತ್ತ ತಿರುಗುವ ಪರ್ಮಿಟ್ ಎಂಬ ಮೀನಿಗಾಗಿ ಪರದೇಶಗಳ ಹವ್ಯಾಸಿಗಳೂ ಈ ದಂಡೆಗೆ ಬರುತ್ತಾರೆ.

ಒಂದು ಸೆಪ್ಟೆಂಬರ್ ಕೊನೆಯಲ್ಲಿ, ಖರೀಫ್ ತಗ್ಗಿ ಕಡಲು ಶಾಂತವಾದಾಗ, ಮಿರ್ಬಾತಿನ ಬಳಿ ನಾನೂ ಕೋಲು ಹಿಡಿದೆ. ಪಾದ ಮುಳುಗಿದ ನೀರು ಬಾವಿಯ ನೀರಿನಷ್ಟು ತಂಪು. ಬೆನ್ನ ಮೇಲೆ ಬಿಸಿಲು. ಹತ್ತಾರು ಬಾರಿ ಬೀಸಿದ ಮೇಲೆ ಒಮ್ಮೆಲೇ ದಾರ ಕಿರುಗುಟ್ಟುತ್ತ ಓಡಿತು. ಕಾಲು ಗಂಟೆಯ ತರುವಾಯ ದಡಕ್ಕೆ ಬಂದದ್ದು ಮೊಳದುದ್ದದ ಅಂಜಲ್! ಕುಂದಾಪುರದವಳ ಬಾಯಲ್ಲಿ ನೀರೂರದಿದ್ದೀತೆ? ಆದರೆ ಒಮಾನಿನಲ್ಲಿ ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ, ಮೊಟ್ಟೆಯಿಡುವ ಕಾಲವೆಂದು, ಅಂಜಲ್ ಹಿಡಿಯುವುದು ನಿಷಿದ್ಧ. ನಮ್ಮವರು ಇಕ್ಕಳದಿಂದ ಕೊಕ್ಕೆ ಬಿಡಿಸಿ, ಎರಡೂ ಕೈಗಳಲ್ಲಿ ಮೀನನ್ನು ನೀರಿನೊಳಗೆ ಹಿಡಿದು ನಿಂತರು. ಅದರ ಕಿವಿರು ಆಡತೊಡಗಿತು, ಬಾಲ ಒಮ್ಮೆ ಬಡಿಯಿತು, ಹೋಯಿತು. "ನಿಮಗೆ ಹೊಟ್ಟೆಯುರಿಯಲಿಲ್ಲವೇ?" ಎಂದೆ. "ಉರಿಯಿತು. ಆದರೆ ಆ ಹಿರಿಯರು ನನಗೆ ಮೊದಲು ಕಲಿಸಿದ್ದು ಹಿಡಿಯುವುದನ್ನಲ್ಲ, ಬಿಡುವುದನ್ನು" ಎಂದರು. ಅಂದು ರಾತ್ರಿ ನಾವು ಉಂಡದ್ದು ಬೇಳೆಸಾರು.

ಈ ಕಡಲಿಗೂ ಕನ್ನಡ ನಾಡಿಗೂ ನಂಟು ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಇಲ್ಲಿನ ದೋಫಾರಿನಲ್ಲಿ ಜಾನುವಾರುಗಳಿಗೆ ಬೈಗೆಯನ್ನು ಮೇವಾಗಿ ಹಾಕುವುದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಅದೇ ಯಾತ್ರಿಕ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನೂ ಕಂಡವನು. ದಂಡೆಯ ಮೇಲೆ ಬೈಗೆ ಒಣಗಿಸಿ ಒಂಟೆ, ಹಸುಗಳಿಗೆ ಉಣಿಸುವ ಆ ಪದ್ಧತಿ ಇಂದಿಗೂ ಉಳಿದಿದೆ. ಇಲ್ಲಿನ ಬೆಸ್ತರು ಬಳಸುತ್ತಿದ್ದ ಹೂರಿ ಎಂಬ ಒಂಟಿಮರದ ದೋಣಿಗಳು ನಮ್ಮ ಪಶ್ಚಿಮ ಕರಾವಳಿಯಿಂದ ಬಂದವು. ಈಚಿನ ವರ್ಷಗಳಲ್ಲಿ ನಮ್ಮಲ್ಲಿ ಬೈಗೆ ವಿರಳವಾದಾಗ ಒಮಾನಿನ ಬೈಗೆ ಮಂಗಳೂರಿಗೂ ಹೋದದ್ದುಂಟು. ಊರಿಗೆ ಊರೇ ಸೇರಿ ಎಳೆಯುತ್ತಿದ್ದ ನಮ್ಮ ರಂಪಣಿ ಬಲೆ, 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಮರೆಯಾಯಿತು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಕರ್ನಾಟಕದಲ್ಲಿಯೂ ನಿಷೇಧವಿದೆ; ಪ್ರಖರ ದೀಪ ಬೆಳಗಿಸಿ ಮೀನು ಸೆಳೆಯುವುದನ್ನು ಭಾರತ ಸರಕಾರ 2017ರಲ್ಲಿಯೇ ನಿಷೇಧಿಸಿದೆ. ಕಾಯಿದೆಯನ್ನು ದೋಣಿಯವರು ಪಾಲಿಸಿದರಷ್ಟೇ ಸಾಲದು. ಅಂಗಡಿಯಲ್ಲಿ ಬೆರಳುದ್ದದ ಅಂಜಲ್ ಮರಿಯನ್ನು ಕಂಡು ಬೇಡವೆನ್ನಬೇಕಾದವರು ಗೃಹಿಣಿಯರಾದ ನಾವು.

ಇಲ್ಲಿಗೆ ಬರುವವರಿಗೆ ಒಂದೆರಡು ಎಚ್ಚರಿಕೆಯ ಮಾತು. ಖರೀಫಿನಲ್ಲಿ ದಕ್ಷಿಣದ ಕಡಲು ನೋಡುವುದಕ್ಕೆ ಮಾತ್ರ. 2022ರ ಜುಲೈಯಲ್ಲಿ ಸಲಾಲಾದ ಸಮೀಪದ ಮುಗ್ಸೈಲ್ ದಂಡೆಯಲ್ಲಿ ರಕ್ಷಣೆಯ ಬೇಲಿ ದಾಟಿ ನಿಂತಿದ್ದ ಪ್ರವಾಸಿಗಳನ್ನು ಅಲೆಯೊಂದು ಸೆಳೆದೊಯ್ದಿತು. ಅವರಲ್ಲಿ ಮಕ್ಕಳೂ ಇದ್ದರು, ಎಲ್ಲರೂ ಮರಳಲಿಲ್ಲ. ಗಾಳಕ್ಕೆ ತಕ್ಕ ಕಾಲ ಅಕ್ಟೋಬರ್‌ನಿಂದ ಮುಂದೆ. ಪರವಾನಗಿಯ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಒದ್ದೆ ಬಂಡೆಯ ಮೇಲೆ ಒಬ್ಬರೇ ನಿಲ್ಲಬೇಡಿ. ಹರಿದ ದಾರವನ್ನು ದಡದಲ್ಲಿ ಬಿಟ್ಟು ಬರಬೇಡಿ, ಕಡಲಾಮೆಗಳಿಗೆ ಅದು ನೇಣು.

ಆ ಹಿರಿಯರು ಈಗಿಲ್ಲ. ಮುಂದಿನ ವರ್ಷ ನಾವೂ ಊರಿಗೆ ಮರಳುವವರಿದ್ದೇವೆ. ಪೆಟ್ಟಿಗೆಗಳಲ್ಲಿ ಏನು ತುಂಬುವುದೆಂಬ ಚರ್ಚೆ ಮನೆಯಲ್ಲಿ ಆಗಲೇ ಆರಂಭವಾಗಿದೆ. ಸೋಫಾ, ಕಪಾಟುಗಳು ಇಲ್ಲೇ ಉಳಿಯಲಿವೆ. ಹಿರಿಯರು ಕೊಟ್ಟ ಬಾಟಲಿ ಸುತ್ತಿದ ದಾರ ಮಾತ್ರ ಕೈಚೀಲದಲ್ಲಿ ಬರಲಿದೆ. ಗಂಗೊಳ್ಳಿಯ ಅಳಿವೆಯಲ್ಲಿ ಮೊಮ್ಮಗನಿಗೆ ಗಾಳ ಕಲಿಸಬೇಕೆಂಬುದು ನಮ್ಮವರ ಆಸೆ. ಮೊದಲ ಪಾಠ ಯಾವುದೆಂದು ಅವರು ಈಗಾಗಲೇ ನಿಶ್ಚಯಿಸಿಕೊಂಡಿದ್ದಾರೆ.