ನಿಮಗಿದು ಗೊತ್ತೇ? ಕಲ್ಲು ಹೋದರೂ ಗೆರೆ ಉಳಿದಿತ್ತು

ಜಗತ್ತಿನ ಅತಿ ದೊಡ್ಡ ಶಿಲಾವೃತ್ತ ಇರುವುದು ಇಂಗ್ಲೆಂಡಿನ ಏವ್‌ಬರಿಯಲ್ಲಿ. ವೃತ್ತದೊಳಗೆ ಹಳ್ಳಿಯ ಮನೆಗಳೂ ಇವೆ! ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಈ ಬಂಡೆಗಳನ್ನು 18ನೇ ಶತಮಾನದಲ್ಲಿ ಊರವರೇ ಬೆಂಕಿಯಲ್ಲಿ ಕಾಯಿಸಿ, ತಣ್ಣೀರು ಸುರಿದು, ಒಡೆದು ಮನೆಗೋಡೆಗೆ ಬಳಸುತ್ತಿದ್ದರು. ಅದೇ ಹೊತ್ತಿನಲ್ಲಿ ವಿಲಿಯಂ ಸ್ಟ್ಯೂಕ್ಲಿ ಎಂಬ ವೈದ್ಯ ವರ್ಷ ವರ್ಷವೂ ಬಂದು, ಉಳಿದದ್ದನ್ನು ಅಳೆದು ಚಿತ್ರ ಬರೆದುಕೊಂಡ.

ಪಕ್ಕದ ಓವರ್ಟನ್ ಗುಡ್ಡದ ಮೇಲೆ ‘ಸ್ಯಾಂಕ್ಚುಯರಿ’ ಎಂಬ ಒಂದರೊಳಗೊಂದು ಕಲ್ಲಿನ ಬಳೆಗಳಿದ್ದವು. 1724ರ ಹೊತ್ತಿಗೆ ಅವು ಪೂರ್ತಿ ನಿರ್ನಾಮವಾದವು. ಎರಡು ಶತಮಾನ ಕಳೆದು, 1930ರಲ್ಲಿ, ಮಾಡ್ ಕನಿಂಗ್ಟನ್ ಎಂಬ ಮಹಿಳೆ ಸ್ಟ್ಯೂಕ್ಲಿಯ ಬರಹ, ಚಿತ್ರಗಳ ಜಾಡು ಹಿಡಿದು ಅಗೆಸಿದರು. ಕಲ್ಲು ನೆಟ್ಟಿದ್ದ ಗುಂಡಿಗಳು ಸಿಕ್ಕವು. ಸ್ಟ್ಯೂಕ್ಲಿಗೇ ಗೊತ್ತಿರದಿದ್ದ ಮರದ ಕಂಬಗಳ ಗುಂಡಿಗಳೂ ಸಿಕ್ಕವು.

ಸ್ಟ್ಯೂಕ್ಲಿ ಚಿತ್ರಿಸಿದ್ದ ಒಂದು ಕಲ್ಲಿನ ಸಾಲು, ಏವ್‌ಬರಿಯಿಂದ ಬೆಕ್‌ಹ್ಯಾಂಪ್ಟನ್ ಕಡೆಗೆ ಹೋಗುವುದು, ಬರೀ ಕಲ್ಪನೆಯೆಂದು ಬಹಳ ಜನ ತಳ್ಳಿಹಾಕಿದ್ದರು. 1999ರ ಉತ್ಖನನದಲ್ಲಿ ನೆಲದಡಿ ಹೂತಿದ್ದ ಕಲ್ಲುಗಳೇ ಹೊರಬಂದವು. ಆ ಸಾಲಿನಲ್ಲಿ ಇಂದು ಎದ್ದು ನಿಂತಿರುವುದು ಒಂದೇ ಕಲ್ಲು, ಹೆಸರು ‘ಈವ್’. ಹತ್ತಿರದ ದೊಡ್ಡ ಕಲ್ಲು ‘ಆಡಂ’.

ಹಾಗಾದರೆ ಸ್ಟ್ಯೂಕ್ಲಿಯ ಗೆರೆಯೆಲ್ಲ ನಿಜವೇ? ಅಲ್ಲ. ಮುಂದೆ ಪಾದ್ರಿಯಾದ ಅವನಿಗೆ, ಏವ್‌ಬರಿ ಇಡಿಯಾಗಿ ಒಂದು ಮಹಾಸರ್ಪದ ಆಕಾರ ಎಂಬ ನಂಬಿಕೆ ಬಲಿಯಿತು. ಸ್ಯಾಂಕ್ಚುಯರಿ ಹಾವಿನ ತಲೆಯಾಗಬೇಕಲ್ಲ! ಸ್ಥಳದಲ್ಲಿ ವೃತ್ತವೆಂದು ಗುರುತಿಸಿಕೊಂಡದ್ದನ್ನು 1743ರ ಪುಸ್ತಕದಲ್ಲಿ ಮೊಟ್ಟೆಯಾಕಾರಕ್ಕೆ ತಿದ್ದಿದ. 1930ರಲ್ಲಿ ನೆಲ ತೋರಿಸಿದ್ದು ವೃತ್ತವನ್ನೇ. ಹಳೆಯ ಚಿತ್ರ ಓದುವವರು ಅಚ್ಚಾದ ಹಾಳೆಗಿಂತ ಬಯಲಲ್ಲಿ ನಿಂತು ಗೀಚಿದ ಹಾಳೆಯನ್ನು ಹೆಚ್ಚು ನಂಬುವುದು ಇದಕ್ಕೇ.

ಸ್ಥಳನಾಮವನ್ನೂ ಅವನು ಹಾವಿಗೇ ಒಪ್ಪಿಸಿದ. ಹತ್ತಿರದ ‘ಹ್ಯಾಕ್‌ಪೆನ್’ ಗುಡ್ಡದ ಹೆಸರನ್ನು ‘ಹಾವಿನ ತಲೆ’ ಎಂದು ಬಿಡಿಸಿದ. ಹಳೆಯ ಇಂಗ್ಲಿಷಿನಲ್ಲಿ ‘ಹಾಕಾ’ ಎಂದರೆ ಕೊಕ್ಕೆ, ಅಷ್ಟೇ.

ಸ್ಟೋನ್‌ಹೆಂಜ್ ಬಳಿಯ ಸುಮಾರು 3 ಕಿಲೋಮೀಟರ್ ಉದ್ದದ ಮಣ್ಣಿನ ಅಂಗಳಕ್ಕೆ ‘ಕರ್ಸಸ್’ ಎಂದು ಹೆಸರಿಟ್ಟವನೂ ಅವನೇ. ರೋಮನ್ನರ ಕಾಲದ ಓಟದ ಮೈದಾನವೆಂದು ಅವನ ಊಹೆ. ಅದು ರೋಮನ್ನರಿಗಿಂತ ಮೂರು ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನದು. ಹೆಸರು ಮಾತ್ರ ಹಾಗೇ ನಿಂತುಬಿಟ್ಟಿದೆ.

ನಮ್ಮಲ್ಲಿ? ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ 19ನೇ ಶತಮಾನದ ನಡುವೆ ಜೇವರ್ಗಿಯ ಹಳೆಯ ಕಲ್ಗೋರಿಗಳನ್ನು ಅಗೆಸಿದ. ಮಣ್ಣಿನ ಪದರಗಳು ಕಾಣುವಂತೆ ಸೀಳುನೋಟದ ಚಿತ್ರ ಬರೆದ. 1947ರಲ್ಲಿ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ಮೆಚ್ಚಿದ್ದರು. ಆದರೆ ಟೇಲರ್ ತನ್ನ ಪ್ರಬಂಧದ ತಲೆಬರಹದಲ್ಲೇ ದಖ್ಖನ್ನಿನ ಗೋರಿಗಳಿಗೆ ದೂರದ ನಾಡುಗಳ ಕೆಲ್ಟರ, ಡ್ರೂಯಿಡರ, ಸಿಥಿಯನ್ನರ ಹೆಸರು ಅಂಟಿಸಿದ. ಚಿತ್ರ ಗೆದ್ದಿತು, ಹೆಸರು ಸೋತಿತು.

ಗಂಗಾವತಿ ಬಳಿಯ ಹಿರೇಬೆಣಕಲ್ಲಿನಲ್ಲಿ ಸುಮಾರು 400 ಬೃಹತ್ ಶಿಲಾ ಸಮಾಧಿಗಳಿವೆ. ಜನರ ಬಾಯಲ್ಲಿ ಅದು ‘ಮೋರ್ಯರ ಗುಡ್ಡ’. ಅಶೋಕನ ಶಾಸನಗಳು ಕೊಪ್ಪಳದಲ್ಲೇ ಇರುವುದರಿಂದ ಮೋರ್ಯರೆಂದರೆ ಮೌರ್ಯರು ಎನ್ನಲು ಯಾರಿಗಾದರೂ ಆಸೆಯಾಗುತ್ತದೆ. ಆದರೆ ಇಲ್ಲಿ ಸಮಾಧಿ ಕಟ್ಟುವ ಪದ್ಧತಿ ಮೌರ್ಯರಿಗಿಂತ ಶತಮಾನಗಳ ಹಿಂದೆಯೇ ಶುರುವಾಗಿತ್ತು. ಊರಿನ ಕಥೆ ಬೇರೆಯೇ ಇದೆ: ಮೋರ್ಯರು ಕುಳ್ಳ ಜನ, ಇವು ಅವರ ಮನೆಗಳು. ಸಮಾಧಿಯ ಚಪ್ಪಡಿಯಲ್ಲಿ ಕೊರೆದ ದುಂಡು ಕಿಂಡಿಯನ್ನು ಕಂಡರೆ ಕಥೆ ಹುಟ್ಟಿದ್ದು ಹೇಗೆಂದು ತಾನಾಗಿ ತಿಳಿಯುತ್ತದೆ.

ಹೆಸರು ನಿಜ ನುಡಿಯುವುದೂ ಉಂಟು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ‘ನಿಲಸ್ಕಲ್’ ಎಂದರೆ ನಿಲಿಸಿದ ಕಲ್ಲು. ಅಲ್ಲಿ ಇಂದಿಗೂ ಆಳೆತ್ತರ ಮೀರಿದ ಕಲ್ಲುಗಳು ನಿಂತಿವೆ. ಕೆಲವು ಜೋಡಿಗಳು ಉತ್ತರಾಯಣ, ದಕ್ಷಿಣಾಯನ ತಿರುಗುವ ದಿನಗಳ ಸೂರ್ಯೋದಯ, ಸೂರ್ಯಾಸ್ತಗಳಿಗೆ ಸರಿಹೊಂದುತ್ತವೆ ಎಂಬುದು ಸಂಶೋಧಕರಾದ ಶ್ರೀಕುಮಾರ್ ಮೆನನ್ ಮತ್ತು ಮಯಾಂಕ್ ವಾಹಿಯಾ ಅವರ ವಾದ.

ನಿಮ್ಮೂರ ಹೊಲದಲ್ಲೂ ಇಂಥ ಕಲ್ಲಿದ್ದರೆ, ಹಿರಿಯರು ಅದನ್ನು ಏನೆಂದು ಕರೆಯುತ್ತಾರೋ ಕೇಳಿ, ಅವರು ಉಚ್ಚರಿಸಿದಂತೆಯೇ ಬರೆದಿಡಿ. ಜೊತೆಗೊಂದು ಚಿತ್ರವನ್ನೂ, ಕಂಡಷ್ಟನ್ನೇ, ಬರೆದಿಡಿ.